ಮರತೂರು ದಾಟುವ ಗಾಡಿಯಲ್ಲಿ ಕಾನೂನಿನ ಓದು

ವಾಡಿ ಜಂಕ್ಷನ್ನಿನಿಂದ ಕಲಬುರಗಿಗೆ ಹೊರಟ ಪ್ಯಾಸೆಂಜರ್ ಗಾಡಿ ಶಹಾಬಾದ್ ದಾಟಿದ ಮೇಲೆ ಮರತೂರಿನಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಇಳಿಯುವವರು ನಾಲ್ಕು ಮಂದಿ, ಹತ್ತುವವರು ಇಬ್ಬರು. ಬೋಗಿಯ ಮೂಲೆಯಲ್ಲಿ ಕಾನೂನು ಕಾಲೇಜಿನ ಹುಡುಗನೊಬ್ಬ ಗೈಡು ಹಿಡಿದು ಹಿಂದೂ ಆಸ್ತಿ ಹಂಚಿಕೆಯ ಮಿತಾಕ್ಷರ ಪಂಥಕ್ಕೂ ದಾಯಭಾಗ ಪಂಥಕ್ಕೂ ಇರುವ ವ್ಯತ್ಯಾಸಗಳನ್ನು ಬಾಯಿಪಾಠ ಮಾಡುತ್ತಿರುತ್ತಾನೆ. ಆ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಇದೇ ಮರತೂರಿನವನು ಎಂಬುದು ಈ ಸೀಮೆಯ ಗಟ್ಟಿ ನಂಬಿಕೆ. ಊರಲ್ಲಿ ಅವನ ಹೆಸರಿನ ಭವನವೂ ಇದೆ. ಹುಡುಗ ಕಿಟಕಿಯಾಚೆ ನೋಡುವುದಿಲ್ಲ. ಗೈಡಿನಲ್ಲಿ ಆ ಸಂಗತಿ ಇಲ್ಲವಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಂದ ವರ್ಷವರ್ಷವೂ ಕಾನೂನು ಓದಲು ಹೊರಡುವ ಮಕ್ಕಳ ಕಥೆ ಬಹುಮಟ್ಟಿಗೆ ಇದೇ. ಕಾನೂನು ಅವರ ಮನೆಯಂಗಳದಲ್ಲೇ ಬಿದ್ದಿರುತ್ತದೆ. ವಿಶ್ವವಿದ್ಯಾಲಯ ಅದನ್ನು ಎಲ್ಲಿಂದಲೋ ತಂದ ಸರಕಿನ ಹಾಗೆ ಕಟ್ಟಿ ಕೊಡುತ್ತದೆ. ಈ ಮಕ್ಕಳಿಗೆ ಹೊಸದು ಇಂಗ್ಲಿಷ್ ಮಾತ್ರ. ಕಾನೂನಿನ ಮೂಲಪಾಠ ಕಷ್ಟ ಎಂದು ಅಧ್ಯಾಪಕರೂ ಪಾಲಕರೂ ಹೇಳುವಾಗ ಕಾನೂನಿನ ಕಷ್ಟ, ಇಂಗ್ಲಿಷಿನ ಕಷ್ಟ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತಾರೆ ಎಂಬುದು ನನ್ನ ತಕರಾರು.

ಈ ನೆಲಕ್ಕೆ ಶಾಸ್ತ್ರದ ಓದು ನಿನ್ನೆ ಮೊನ್ನೆಯದಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. ಕಲ್ಯಾಣದ ಚಾಲುಕ್ಯರ ಕಾಲದ, 1058ರ ಶಾಸನ ಅಲ್ಲಿದ್ದ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಉಲ್ಲೇಖಿಸುವುದರ ಜೊತೆಗೆ ಪುಸ್ತಕ ಭಂಡಾರ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯ ಲೆಕ್ಕವನ್ನೂ ಕೊಡುತ್ತದೆ. ಅಲ್ಲಿ ಮೀಮಾಂಸೆ ಹೇಳಿಕೊಡುತ್ತಿದ್ದರು. ಮೀಮಾಂಸೆ ಎಂದರೆ ಒಂದು ವಾಕ್ಯ ವಿಧಿಯೋ ಬರಿಯ ಹೊಗಳಿಕೆಯೋ, ಎರಡು ವಾಕ್ಯ ಡಿಕ್ಕಿ ಹೊಡೆದರೆ ಯಾವುದು ಮೇಲು ಎಂದು ತೀರ್ಮಾನಿಸುವ ಶಾಸ್ತ್ರ. ಇವತ್ತಿನ ಕಾನೂನು ಕಾಲೇಜಿನಲ್ಲಿ ಶಾಸನಗಳ ಅರ್ಥೈಸುವಿಕೆ ಎಂಬ ಪತ್ರಿಕೆ ಕೇಳುವುದೂ ಇದನ್ನೇ. ನಾಗಾವಿಯಾದ ಒಂದೆರಡು ತಲೆಮಾರಿಗೆ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಟೀಕೆ ಬರೆದ, ಅದೇ ಮಿತಾಕ್ಷರ. ಸಪಿಂಡ ಎಂಬ ಪದದಲ್ಲಿನ ಪಿಂಡಕ್ಕೆ ಶ್ರಾದ್ಧದ ಅನ್ನದ ಉಂಡೆ ಎಂದು ಅರ್ಥ ಹೇಳದೆ ದೇಹದ ಅಂಶ ಎಂದ. ಮಗ ಹುಟ್ಟಿದ ಕ್ಷಣಕ್ಕೇ ಪಿತ್ರಾರ್ಜಿತದಲ್ಲಿ ಪಾಲುದಾರ ಎಂದ. 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳ ಅಸ್ಸಾಮುಗಳನ್ನು ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯ ತೀರಿದ್ದು ಈ ಗ್ರಂಥದ ಮೇಲೆಯೇ.

ಇದನ್ನೆಲ್ಲ ಹೆಮ್ಮೆಗೆಂದು ಹೇಳುತ್ತಿಲ್ಲ. ನಾಗಾವಿಯಲ್ಲಿ ಯಾರು ಕೂತು ಓದುತ್ತಿದ್ದರು, ಯಾರು ಬಾಗಿಲಾಚೆ ಇದ್ದರು ಎಂಬುದು ಎಲ್ಲರಿಗೂ ಗೊತ್ತು. ಇವತ್ತು ಅದೇ ಸೀಮೆಯ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವವರ ಮಗಳು, ಲಂಬಾಣಿ ತಾಂಡಾದ ಹುಡುಗ ಕಾನೂನು ಓದಲು ಬಸ್ಸು ಹತ್ತುತ್ತಾರೆ. ಶಾಸನಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆ ಬಸ್ಸು.

ನಡುವಿನ ಕಾಲದ ಮಾತು ಬೇಗ ಮುಗಿಸೋಣ. ನಿಜಾಮನ ಆಳ್ವಿಕೆಯಲ್ಲಿ ಕೋರ್ಟಿನ ಭಾಷೆ ಉರ್ದು. ಕಾನೂನು ಓದಬೇಕಾದವರು ಹೈದರಾಬಾದಿಗೆ ಹೋಗಬೇಕಿತ್ತು. ಎರಡು ಸಲ ಮುಖ್ಯಮಂತ್ರಿಯಾದ ಚಿಂಚೋಳಿಯ ವೀರೇಂದ್ರ ಪಾಟೀಲರು ಉಸ್ಮಾನಿಯಾದಲ್ಲಿ ಕಾನೂನು ಓದಿ ಬಂದವರು. 1956ರ ನಂತರ ಕಲಬುರಗಿಯ ಕಾನೂನು ಕಾಲೇಜಿಗೆ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲ್ಬರ್ಗ ವಿಶ್ವವಿದ್ಯಾಲಯ, 2009ರಿಂದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಹೀಗೆ ಮನೆ ಬದಲಾಗುತ್ತ ಬಂತು. ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಓದಿದ ಮಲ್ಲಿಕಾರ್ಜುನ ಖರ್ಗೆಯವರು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಶಿವರಾಜ ಪಾಟೀಲರ ಕೈಕೆಳಗೆ ಜೂನಿಯರ್ ಆಗಿ, ಕಾರ್ಮಿಕ ಸಂಘಗಳ ಮೊಕದ್ದಮೆ ನಡೆಸುತ್ತ ರಾಜಕೀಯಕ್ಕೆ ಬಂದವರು. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂತು, 2013ರ ಆಗಸ್ಟ್ 31ಕ್ಕೆ ಅದು ಕಾಯಂ ಪೀಠವಾಯಿತು. ಮೇಲ್ಮನವಿಗೆಂದು ರಾತ್ರಿ ಗಾಡಿಯಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ಸೇಡಂ ವಕೀಲ ಈಗ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಕಾನೂನು ಓದಿದರೆ ಇಲ್ಲೇ ಬದುಕಬಹುದು ಎಂಬ ಧೈರ್ಯ ಈ ಸೀಮೆಯ ಮನೆಗಳಲ್ಲಿ ಹುಟ್ಟಿದ್ದು ಅಲ್ಲಿಂದೀಚೆಗೆ.

ಓದಿನ ದಾರಿ ಎರಡು. ಪಿಯುಸಿ ಆದ ಮೇಲೆ ಐದು ವರ್ಷದ ಬಿ.ಎ. ಎಲ್‌ಎಲ್.ಬಿ., ಇಲ್ಲವೆ ಯಾವುದಾದರೂ ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶಕ್ಕೆ ನಡೆಯುವ ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ. ಅಲ್ಲಿಗೆ ನಮ್ಮ ಹಳ್ಳಿ ಶಾಲೆಯ ಮಕ್ಕಳ ಮಟ್ಟಿಗೆ ಆ ಬಾಗಿಲು ಅರ್ಧ ಮುಚ್ಚಿದಂತೆಯೇ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲಾಯಿತು. ಸೀಟಿನ ಸಮಸ್ಯೆ ಅಷ್ಟರಮಟ್ಟಿಗೆ ಹಗುರವಾಗಿದೆ.

ಹಗುರವಾಗದ್ದು ದೂರ. ವಾಡಿ, ಶಹಾಬಾದಿನವರಿಗೆ ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಗಾಡಿಗಳಿವೆ. ಚಿತ್ತಾಪುರ, ಮಳಖೇಡ, ಸೇಡಂ ಇರುವುದು ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಮಾರ್ಗದ ಮೇಲೆ. ಚಿಂಚೋಳಿಗೆ ರೈಲೇ ಇಲ್ಲ, ಹತ್ತಿರದ ಸ್ಟೇಷನ್ ತೆಲಂಗಾಣದ ತಾಂಡೂರು. ಚಿಂಚೋಳಿಯಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗಿಬರುವುದೆಂದರೆ ದಿನದ ನಾಲ್ಕೈದು ಗಂಟೆ ಸೀಟಿನ ಮೇಲೆಯೇ ಕಳೆದಂತೆ. ಶೇ 70 ಹಾಜರಾತಿ ಬೇಕೆಂಬ ನಿಯಮ ಬರೆದವರು ಈ ಬಸ್ಸು ಹತ್ತಿದವರಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಟಿಕೆಟ್ ಖರ್ಚು ಇಲ್ಲವಾಗಿದೆ. ಕಾನೂನು ಶಿಕ್ಷಣದ ಬಗ್ಗೆ ವರದಿ ಬರೆಯುವವರು ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಚಿಂಚೋಳಿಯ ಹುಡುಗಿಯೊಬ್ಬಳು ಮೂರು ವರ್ಷದ ಕೋರ್ಸು ಪೂರ್ತಿ ಮಾಡುವುದರಲ್ಲಿ ಆ ಉಚಿತ ಟಿಕೆಟಿನ ಪಾಲು ಸಣ್ಣದಲ್ಲ.

ಇನ್ನು ಭಾಷೆ. ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ವಕೀಲಿಯಲ್ಲಿ ಮುಂದುವರಿಯಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಕನ್ನಡದಲ್ಲಿದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಕೋರ್ಟುಗಳಲ್ಲಿ ಕನ್ನಡದಲ್ಲೇ ದಾವೆ ಹಾಕಬಹುದು, ವಾದಿಸಬಹುದು. ಹೈಕೋರ್ಟಿನಲ್ಲಿ 348ನೇ ವಿಧಿಯಂತೆ ಇಂಗ್ಲಿಷು. ಅಲ್ಲೂ 2024ರ ಡಿಸೆಂಬರಿನಲ್ಲಿ ವಿಭಾಗೀಯ ಪೀಠವೊಂದು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ತೀರ್ಪು ಕೊಟ್ಟಿತು. ಕಾಗದದ ಮೇಲೆ ನೋಡಿದರೆ ತೊಂದರೆಯೇ ಇಲ್ಲ.

ಆದರೆ ಕನ್ನಡದಲ್ಲಿ ಓದುವ ಹುಡುಗನಿಗೆ ಸಿಗುವ ಪುಸ್ತಕದ ಕನ್ನಡ ಯಾವುದು? ವಿಬಂಧ, ಅನುಭೋಗ, ಉಪನಿಹಿತ, ಅಪಕೃತ್ಯ. ಇಂಗ್ಲಿಷಿನಷ್ಟೇ ದೂರದ ಇನ್ನೊಂದು ಭಾಷೆ ಇದು. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತ ಕಕ್ಷಿದಾರನಿಗೆ ಬೇರೆ ಕನ್ನಡವಿದೆ: ವಕಾಲತ್ತು, ಫಿರ್ಯಾದಿ, ಜಾಮೀನು, ಜಪ್ತಿ, ಪಂಚನಾಮೆ, ಮುಚ್ಚಳಿಕೆ, ವಾರಸಾ, ಫೌತಿ, ಹಿಸ್ಸಾ, ರಾಜಿ. 'ಏನ್ರಿ ವಕೀಲ್ ಸಾಬ್, ಪೇಶಿ ಯಾವಾಗ ಅದ?' ಎಂದು ಕೇಳುವವನಿಗೆ ವಿಚಾರಣಾ ದಿನಾಂಕ ಎಂದರೆ ಕಿವಿಗೆ ಹತ್ತುವುದಿಲ್ಲ. ಫಾರ್ಸಿ, ಅರಬ್ಬಿಯಿಂದ ಬಂದು ನಿಜಾಮನ ಕಚೇರಿಯಲ್ಲಿ ಪಳಗಿದ ಈ ನೂರಾರು ಶಬ್ದಗಳು ಈ ಸೀಮೆಯ ಮಕ್ಕಳಿಗೆ ಅಜ್ಜನ ಬಾಯಿಂದಲೇ ಬಂದಿರುತ್ತವೆ. ಇದೊಂದು ಬಂಡವಾಳ. ಮೊದಲ ಸೆಮಿಸ್ಟರಿನಲ್ಲಿ ಇದನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದು ಹೇಳಿ, ಇಂಗ್ಲಿಷಿನ ಒಂದು ಪದಕ್ಕೆ ಸಂಸ್ಕೃತದ ಒಂದು ಪದ ಹಿಡಿಸಿ ಕಳಿಸುತ್ತೇವೆ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಕರಾರು ಕಾನೂನು, ಅಂದರೆ 1872ರ ಭಾರತೀಯ ಕರಾರು ಕಾಯ್ದೆ. ಅದರ 202ನೇ ಕಲಮು ಮೊದಲ ವರ್ಷದವರ ತಲೆ ತಿನ್ನುವಂಥದ್ದು. ಏಜೆಂಟನ ಅಧಿಕಾರವನ್ನು ಮಾಲೀಕ ಬೇಕಾದಾಗ ರದ್ದು ಮಾಡಬಹುದು, ಆದರೆ ಆ ಸರಕಿನಲ್ಲಿ ಏಜೆಂಟನದ್ದೇ ಹಿತಾಸಕ್ತಿ ಇದ್ದರೆ ಹಾಗೆ ರದ್ದು ಮಾಡಲಾಗದು ಎನ್ನುತ್ತದೆ ಅದು. ಕಾಯ್ದೆಯಲ್ಲೇ ಉದಾಹರಣೆ ಇದೆ: ಎ ಎಂಬವನು ಬಿ ಎಂಬವನಿಗೆ ಸಾವಿರ ಬೇಲು ಹತ್ತಿ ಕಳಿಸುತ್ತಾನೆ, ಬಿ ಅದರ ಮೇಲೆ ಮೊದಲೇ ಮುಂಗಡ ಕೊಟ್ಟಿರುತ್ತಾನೆ, ಮಾರಿ ತನ್ನ ಮುಂಗಡ ಮುರಿದುಕೊಳ್ಳಬೇಕು. ತರಗತಿಯಲ್ಲಿ ಎ, ಬಿ ಎಂದು ಬರೆದುಕೊಂಡ ಹುಡುಗನಿಗೆ ಏನೂ ಹೊಳೆಯುವುದಿಲ್ಲ. ಎ ಜಾಗದಲ್ಲಿ ಅವನ ಅಪ್ಪನನ್ನು ನಿಲ್ಲಿಸಿ. ಹತ್ತಿಯ ಬದಲು ತೊಗರಿ ಇಡಿ. ಬಿ ಎಂದರೆ ಅಡತಿ ಅಂಗಡಿಯವನು. ಮುಂಗಾರಿನಲ್ಲಿ ಬೀಜ ಗೊಬ್ಬರಕ್ಕೆಂದು ಅಂಗಡಿಯಿಂದ ಎತ್ತಿದ ಹಣ, ಜನವರಿಯಲ್ಲಿ ಚೀಲ ಹೊತ್ತು ಅದೇ ಅಂಗಡಿಗೆ ಹೋಗಲೇಬೇಕಾದ ಸಂಕಟ, ಬೇರೆ ಕಡೆ ಕ್ವಿಂಟಲಿಗೆ ಇನ್ನೂರು ಹೆಚ್ಚು ಸಿಗುತ್ತದೆಂದರೂ ಬಿಡಿಸಿಕೊಳ್ಳಲಾಗದ ಗಂಟು. ಇದು 202. ಹಾಗಾದರೆ ಅಪ್ಪನಿಗೆ ಹಕ್ಕೇ ಇಲ್ಲವೇ ಎಂದು ಹುಡುಗ ಕೇಳಿಯೇ ಕೇಳುತ್ತಾನೆ. ಆಗ 213 ತೆಗೆಯಬೇಕು: ಮಾಲೀಕ ಕೇಳಿದಾಗ ಏಜೆಂಟ ಸರಿಯಾದ ಲೆಕ್ಕ ಕೊಡಲೇಬೇಕು. ತೂಕದಲ್ಲಿ ಹಿಡಿದದ್ದೆಷ್ಟು, ಕಮಿಷನ್ ಎಷ್ಟು, ಬಡ್ಡಿ ಎಷ್ಟು. ಅಪ್ಪ ಇಷ್ಟು ವರ್ಷ ಚೀಟಿ ಕೇಳಿರಲಿಕ್ಕಿಲ್ಲ. ಕೇಳಬಹುದು ಎಂದು ಮಗನಿಗೆ ಈಗ ಗೊತ್ತಾಯಿತು. ಎರಡು ಕಲಮು, ಒಂದು ಗಂಟೆ. ಗೈಡಿನ ಇಪ್ಪತ್ತು ಪುಟಕ್ಕೆ ಆಗದ ಕೆಲಸ ಇಷ್ಟರಲ್ಲಿ ಆಗುತ್ತದೆ.

ಕೌಟುಂಬಿಕ ಕಾನೂನಿಗೂ ಇದೇ ಮಾತು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅಪ್ಪ ಆಗ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟಿನ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು: ಬದುಕಿರಬೇಕಿಲ್ಲ. ಮರತೂರಿನ ಪಂಡಿತ ಮಗನಿಗೆ ಹೇಳಿದ್ದನ್ನು ಒಂಬತ್ತು ಶತಮಾನದ ಮೇಲೆ ಮಗಳಿಗೂ ಹೇಳಿದ ಹಾಗಾಯಿತು. ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿ ಬರೆದ ಹುಡುಗಿಯೇ ಮನೆಯಲ್ಲಿ ಅಣ್ಣ ಹಿಡಿದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ ಎಂಬುದು ಬೇರೆ ಮಾತು.

ಚಿಂಚೋಳಿಯ ತಾಂಡಾಗಳ ವಿಷಯ ಇನ್ನೂ ತೊಡಕಿನದು, ಅದಕ್ಕೇ ಇನ್ನೂ ಒಳ್ಳೆಯ ಪಾಠ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿಯಾಚೆಯ ತಾಂಡೂರಿನಲ್ಲಿ ಅದೇ ಸಮುದಾಯ ಪರಿಶಿಷ್ಟ ಪಂಗಡ. 341 ಮತ್ತು 342ನೇ ವಿಧಿಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರ ಫಲ ಇದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2(2)ನೇ ಕಲಮಿನಂತೆ ಕೇಂದ್ರ ಸರಕಾರ ಅಧಿಸೂಚಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸದು. ಹೀಗಾಗಿ ಚಿಂಚೋಳಿ ತಾಂಡಾದ ಮಗಳಿಗೆ ಇರುವ ಪಾಲು ತಾಂಡೂರು ಕಡೆಗೆ ಕೊಟ್ಟ ಮನೆಯಲ್ಲಿ ಹುಟ್ಟುವ ಅವಳ ಮಗಳಿಗೆ ಅಷ್ಟು ಸಲೀಸಾಗಿ ಇಲ್ಲ. ಅಲ್ಲಿ ವಾದ ಮಾಡಬೇಕು, ಕೋರ್ಟುಗಳಲ್ಲಿ ಆ ವಾದ ನಡೆದೇ ಇದೆ. ಅರಣ್ಯದ ಪ್ರಶ್ನೆಯೂ ಹೀಗೆಯೇ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ರುಜುವಾತು ಮಾಡಬೇಕು. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿನಂಚಿನ ತಾಂಡಾದವನು ಆ ಸಾಕ್ಷ್ಯವನ್ನು ಎಲ್ಲಿಂದ ತರಬೇಕು? 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿಯವರು ಹೊಸ ಕಂದಾಯ ಗ್ರಾಮಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಆ ಹಕ್ಕುಪತ್ರದಲ್ಲಿ ಏನಿದೆ, ಅದು ಮನೆಯ ಜಾಗಕ್ಕೋ ಹೊಲಕ್ಕೋ ಎಂದು ಓದಿ ಹೇಳಬಲ್ಲವರು ತಾಂಡಾದಲ್ಲಿ ಒಬ್ಬರಿದ್ದರೂ ಸಾಕು, ಕಾನೂನು ಶಿಕ್ಷಣ ಸಾರ್ಥಕವಾದಂತೆ.

ಶಹಾಬಾದ್, ವಾಡಿ, ಸೇಡಂಗಳ ಸಿಮೆಂಟು, ಫರಸಿ ಎರಡೂ ಕಾರ್ಮಿಕ ಕಾನೂನಿನ ಪ್ರಯೋಗಶಾಲೆ. 1948ರ ಕಾರ್ಖಾನೆ ಕಾಯ್ದೆ, 1952ರ ಗಣಿ ಕಾಯ್ದೆ ಎಂದು ಓದಿಕೊಂಡು ಬಂದವರಿಗೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 29 ಕಾಯ್ದೆಗಳು ಅವುಗಳೊಳಗೆ ಸೇರಿದವು. ಕ್ರಿಮಿನಲ್ ಕಾನೂನಿನದೂ ಅದೇ ಕಥೆ. 2024ರ ಜುಲೈ 1ರಿಂದ 511 ಕಲಮುಗಳ ದಂಡಸಂಹಿತೆ ಹೋಗಿ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ ಶಿಕ್ಷೆ 302ರಿಂದ 103ಕ್ಕೆ, ವಂಚನೆ 420ರಿಂದ 318ಕ್ಕೆ ಹೋಯಿತು. ಚಾರ್ ಸೌ ಬೀಸ್ ಎಂಬ ಬೈಗುಳ ಮಾತ್ರ ಹಳೆಯ ನಂಬರಿನಲ್ಲೇ ಉಳಿಯುತ್ತದೆ, ಅದಕ್ಕೆ ಯಾವ ಗೆಜೆಟ್ಟೂ ನಾಟುವುದಿಲ್ಲ. ನಂಬರು ಬಾಯಿಪಾಠ ಮಾಡಿ ಪಾಸಾದವರು ಈಗ ಪೇಚಿಗೆ ಸಿಕ್ಕಿದ್ದಾರೆ. ಉದ್ದೇಶ ಎಂದರೇನು, ಅಪ್ರಾಮಾಣಿಕತೆ ಎಂದರೇನು ಎಂದು ತಿಳಿದು ಓದಿದವರಿಗೆ ಪುಟ ತಿರುವಿ ಹೊಸ ನಂಬರು ಹುಡುಕಿದರೆ ಆಯಿತು. ಮೂಲಪಾಠ ಎಂದರೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಸಂವಿಧಾನದ ಪಾಠಕ್ಕೆ ಬಂದರೆ, 1973ರ ಏಪ್ರಿಲ್ 24ರ ಕೇಶವಾನಂದ ಭಾರತಿ ಮೊಕದ್ದಮೆಯ ತೀರ್ಪನ್ನು ಓದದೆ ಯಾರೂ ಪಾಸಾಗುವುದಿಲ್ಲ. ಹದಿಮೂರು ನ್ಯಾಯಮೂರ್ತಿಗಳು, ಏಳಕ್ಕೆ ಆರರ ಬಹುಮತ, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಬದಲಿಸಲಾಗದೆಂಬ ಸಿದ್ಧಾಂತ. ಮೊಕದ್ದಮೆ ಹೂಡಿದ ಕೇಶವಾನಂದ ಭಾರತಿ ಸ್ವಾಮಿಗಳು ಕಾಸರಗೋಡಿನ ಎಡನೀರು ಮಠದವರು, ಕನ್ನಡದವರು, ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುವುದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರು. ಮಠದ ಇನಾಮು ಭೂಮಿ ಎಂದರೇನೆಂದು ಕಲಬುರಗಿ ಜಿಲ್ಲೆಯ ಹುಡುಗರಿಗೆ ವಿವರಿಸಬೇಕಾಗಿಯೇ ಇಲ್ಲ.

ಪದವಿ ಕೈಗೆ ಬಂದ ಮೇಲಿನ ಕಥೆ ಕೊಂಚ ಕಹಿ. ಸನ್ನದು ಪಡೆಯಲು ರಾಜ್ಯಗಳ ವಕೀಲರ ಪರಿಷತ್ತುಗಳು ಹತ್ತಾರು ಸಾವಿರ ಕೀಳುತ್ತಿದ್ದ ಕಾಲವಿತ್ತು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯಲ್ಲಿರುವುದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದಿತು: ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ಆಮೇಲೆ ಜೂನಿಯರ್ ಆಗಿ ದುಡಿಯುವ ಮೂರು ನಾಲ್ಕು ವರ್ಷ. ಗ್ರಾಮೀಣ ಭಾಗದ ಜೂನಿಯರುಗಳಿಗೆ ತಿಂಗಳಿಗೆ ಕನಿಷ್ಠ 15 ಸಾವಿರ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ತಾಲ್ಲೂಕು ಕೋರ್ಟಿನ ಸೀನಿಯರೇ ಅಷ್ಟು ಉಳಿಸಿದರೆ ಹೆಚ್ಚು. ಪರಿಶಿಷ್ಟ ಸಮುದಾಯದ ಹೊಸ ವಕೀಲರಿಗೆ ಸಮಾಜ ಕಲ್ಯಾಣ ಇಲಾಖೆಯ ಶಿಷ್ಯವೇತನವಿದೆ, ಅದನ್ನು ನೆಚ್ಚಿಕೊಂಡೇ ಎಷ್ಟೋ ಮಂದಿ ಕರಿ ಕೋಟು ಹೊಲಿಸಿದ್ದಾರೆ.

ಆದ್ದರಿಂದ ಎರಡು ಕೋರಿಕೆ. ಕಾನೂನು ಕಾಲೇಜುಗಳ ಅಧ್ಯಾಪಕರಿಗೆ: ಮೊದಲ ವಾರ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಿಂದ ಒಂದು ಪಹಣಿ ತರಲಿ. ಒಂಬತ್ತು ಮತ್ತು ಹನ್ನೆರಡನೇ ಕಾಲಂಗಳಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂದು ಓದಿಸಿ, ಅಲ್ಲಿಂದ ಪಾಠ ಶುರು ಮಾಡಿ. ವಿದ್ಯಾರ್ಥಿಗಳಿಗೆ: ಗೈಡಿಗೆ ಕೊಡುವ ದುಡ್ಡನ್ನು ಚಹಾಕ್ಕೆ ಇಟ್ಟುಕೊಳ್ಳಿ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಕನ್ನಡದಲ್ಲೂ ಸಿಗುತ್ತವೆ. ವಾಡಿಯಿಂದ ಕಲಬುರಗಿಯವರೆಗೆ ಫೋನಿನಲ್ಲಿ ಕರಾರು ಕಾಯ್ದೆಯ ಹತ್ತು ಕಲಮು ಓದಲು ಸಮಯ ಸಾಕು, ನಡುವೆ ಮರತೂರಿನಲ್ಲಿ ತಲೆಯೆತ್ತಿ ನೋಡಿದರೂ ಸಹ.